ಫೋಟೊದ ಬ್ಯಾಕ್‌ಗ್ರೌಂಡ್ ತೆಗೆಯಲು ಹೋದರೆ ಎಐ ಸೀರೆಯ ಸೆರಗನ್ನೇ ಬದಲಿಸಿದೆ, ಯಾವ ಟೂಲ್ ಬಳಸಲಿ?

ನೇಕಾರ_ಮನೆ:

ಎಲ್ಲರಿಗೂ ನಮಸ್ಕಾರ. ನಾವು ಇಳಕಲ್‌ನವರು. ಅಪ್ಪ ಕೈಮಗ್ಗದಲ್ಲಿ ಸೀರೆ ನೇಯುತ್ತಾರೆ. ನಾನು ಎರಡು ವರ್ಷದಿಂದ ಅವುಗಳ ಫೋಟೊ ತೆಗೆದು ವಾಟ್ಸಾಪ್, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿ ಮಾರುತ್ತಿದ್ದೇನೆ. ಮನೆ ಚಿಕ್ಕದು. ಸೀರೆಯನ್ನು ಮಂಚದ ಮೇಲೆ ಹರಡಿದರೂ, ಹಗ್ಗಕ್ಕೆ ಹಾಕಿದರೂ ಹಿಂದೆ ಸಿಲಿಂಡರ್, ಬಕೆಟ್, ತಮ್ಮನ ಸ್ಕೂಲ್ ಬ್ಯಾಗ್ ಏನಾದರೊಂದು ಬಂದೇ ಬರುತ್ತದೆ. ಅದಕ್ಕೆ ಗೆಳತಿ ಒಬ್ಬಳು ಹೇಳಿದ ಒಂದು ಎಐ ಸೈಟ್ ಬಳಸಲು ಶುರು ಮಾಡಿದೆ. ತುಂಬಾ ಸುಲಭ ಅನಿಸಿತು. ನಡುವೆ ಒಂದು ಚೌಕ ಇರುತ್ತದೆ, ಫೋಟೊ ಎಳೆದು ತಂದು ಅದರೊಳಗೆ ಬಿಟ್ಟರೆ ಸಾಕು, ಅರ್ಧ ನಿಮಿಷದಲ್ಲಿ ಹಿಂದಿನದೆಲ್ಲ ಹೋಗಿ ಸೀರೆ ಮಾತ್ರ ಉಳಿಯುತ್ತದೆ. ಪಕ್ಕದಲ್ಲೇ ಫೋಟೊವನ್ನು ಇನ್ನೂ ಚಂದ ಮಾಡುವ ಒಂದು ಬಟನ್ ಇತ್ತು. ಅದನ್ನೂ ಒತ್ತಿದೆ. ಫೋಟೊ ಹೊಳೆಯುತ್ತಿತ್ತು, ಖುಷಿಯಾಗಿ ಹಾಗೇ ಹಾಕಿಬಿಟ್ಟೆ.

ಹೋದ ತಿಂಗಳು ಪುಣೆಯ ಒಬ್ಬರು ದಾಳಿಂಬೆ ಬಣ್ಣದ ಸೀರೆ ತಗೊಂಡರು. ಸೀರೆ ಕೈಸೇರಿದ ದಿನವೇ ಅವರ ಫೋನ್ ಬಂತು. ಫೋಟೊದಲ್ಲಿ ಸೆರಗಿನ ತುಂಬ ಮೊಗ್ಗಿನ ಸಾಲು ಇತ್ತು, ಇದರಲ್ಲಿ ಇಲ್ಲ, ನೀವು ಬೇರೆ ಸೀರೆ ಕಳಿಸಿದ್ದೀರಿ ಅಂದರು. ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಫೋಟೊ ದೊಡ್ಡದು ಮಾಡಿ ನೋಡಿದೆ. ಟೋಪ ತೆನಿ ಸೆರಗು ನೋಡಿದವರಿಗೆ ಗೊತ್ತಿರುತ್ತದೆ, ಸಾಮಾನ್ಯವಾಗಿ ಮೂರು ಕೆಂಪು ಪಟ್ಟಿ, ಅವುಗಳ ನಡುವೆ ಎರಡು ಬಿಳಿ ಪಟ್ಟಿ ಬರುತ್ತವೆ. ನಮ್ಮ ಸೀರೆಯಲ್ಲಿ ಕೆಂಪು ಬಿಳಿ ಸೇರುವ ಜಾಗದಲ್ಲಿ ಹಣಿಗೆಯ ಹಲ್ಲಿನ ಹಾಗೆ ಚೂಪು ಚೂಪಾದ ಸಾಲು ಇತ್ತು. ಫೋಟೊದಲ್ಲಿ ಆ ಹಲ್ಲುಗಳೆಲ್ಲ ದುಂಡಗಾಗಿ ಮೊಗ್ಗಾಗಿದ್ದವು. ದಡಿಯಲ್ಲಿ ಚಿಕ್ಕಿ ಪರಾಸ್ ಅನ್ನುವ ವಿನ್ಯಾಸ ಇದ್ದ ಕಡೆ ಏನೋ ಬಳ್ಳಿಯ ಥರ ಕಾಣುತ್ತಿತ್ತು.

ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಬಹಳ ಹೊತ್ತು ನೋಡಿದರು. "ಇದು ನಾನು ನೇಯ್ದಿದ್ದಲ್ಲ" ಅಂದರು, ಅಷ್ಟೇ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತಿದೆ. ಒಡಲಿನ ಹಾಸಿನ, ಅಂದರೆ ಉದ್ದದ ನೂಲಿನ, ಎಳೆಗಳಿಗೆ ಸೆರಗಿನ ಹಾಸಿನ ಒಂದೊಂದೇ ಎಳೆಯನ್ನು ಕೊಂಡಿ ಹಾಕಿ ಕೂಡಿಸಿ ನೇಯುವ ಸೀರೆ ಇದು. ಪುಣೆಯವರಿಗೆ ದುಡ್ಡು ವಾಪಸ್ ಕೊಟ್ಟೆ, ಅದು ಬೇರೆ ಮಾತು.

ಈಗ ದೀಪಾವಳಿಗೆ ಇನ್ನೂ 40 ಸೀರೆಗಳ ಫೋಟೊ ಮಾಡಬೇಕು. ನನ್ನದು ಆಂಡ್ರಾಯ್ಡ್ ಫೋನ್, ತಮ್ಮನ ಹಳೆಯ ಲ್ಯಾಪ್‌ಟಾಪ್ ಒಂದಿದೆ. ಈ ಎಐ ಟೂಲ್‌ಗಳೆಲ್ಲ ಹೀಗೇನಾ? ದುಡ್ಡು ಕೊಟ್ಟರೆ ಸರಿಯಾಗಿ ಮಾಡುತ್ತವಾ? ಅಥವಾ ಎಐ ಬಿಟ್ಟು ಬೇರೆ ದಾರಿ ಇದೆಯಾ? ತಿಳಿದವರು ದಯವಿಟ್ಟು ಹೇಳಿ.

---

ಹುಬ್ಬಳ್ಳಿ_ಸ್ಟುಡಿಯೊ:

ತಂಗಿ, ನಾನು 22 ವರ್ಷದಿಂದ ಸ್ಟುಡಿಯೊ ನಡೆಸುತ್ತಿದ್ದೇನೆ. ನಿಮ್ಮ ಫೋಟೊ ಕೆಟ್ಟಿದ್ದು ಬ್ಯಾಕ್‌ಗ್ರೌಂಡ್ ತೆಗೆದಿದ್ದರಿಂದ ಅಲ್ಲ. ಆ ಎರಡನೇ ಬಟನ್‌ನಿಂದ. ಇದನ್ನು ಮೊದಲು ಸರಿಯಾಗಿ ತಿಳ್ಕೊಳ್ಳಿ, ಆಮೇಲೆ ಯಾವ ಟೂಲ್ ಬಂದರೂ ಮೋಸ ಹೋಗುವುದಿಲ್ಲ.

ಎಐ ಅಂತ ಎಲ್ಲದಕ್ಕೂ ಒಂದೇ ಹೆಸರು ಇಡುತ್ತಾರೆ, ಆದರೆ ಒಳಗೆ ನಡೆಯುವ ಕೆಲಸ ಎರಡು ಬಗೆ. ಒಂದು ಕತ್ತರಿಸುವುದು. ರಿಮೂವ್ ಡಾಟ್ ಬಿಜಿ ಅಂತ 2018ರಲ್ಲಿ ಆಸ್ಟ್ರಿಯಾದವರು ಶುರು ಮಾಡಿದ ಸೈಟ್ ಇದೆಯಲ್ಲ, ಅದು ಈ ಬಗೆಯದು. ಫೋಟೊದ ಪ್ರತಿ ಚುಕ್ಕಿಗೂ (ಪಿಕ್ಸೆಲ್) ಇದು ಸೀರೆಯಾ, ಹಿಂದಿನ ಗೋಡೆಯಾ ಅಂತ ತೀರ್ಮಾನ ಮಾಡುತ್ತದೆ, ಗೋಡೆ ಅನಿಸಿದ್ದನ್ನು ಮರೆಮಾಡುತ್ತದೆ. ಸೀರೆಯ ಮೈಯಲ್ಲಿರುವ ಚುಕ್ಕಿಗಳು ಕ್ಯಾಮೆರಾದಲ್ಲಿ ಹೇಗೆ ಬಂದಿದ್ದವೋ ಹಾಗೇ ಉಳಿಯುತ್ತವೆ. ತಪ್ಪಾದರೆ ಅಂಚಿನಲ್ಲಿ ಮಾತ್ರ ಆಗುತ್ತದೆ, ಕುಚ್ಚು ಅರ್ಧ ಹೋಗಬಹುದು, ಮೂಲೆ ತುಸು ಸವೆಯಬಹುದು. ಅಂಥ ತಪ್ಪು ಕಣ್ಣಿಗೆ ಕಾಣುತ್ತದೆ, ಸರಿ ಮಾಡಬಹುದು.

ಇನ್ನೊಂದು ಹೊಸದಾಗಿ ಬಿಡಿಸುವುದು. ಚಂದ ಮಾಡುತ್ತೇನೆ, ದೊಡ್ಡದು ಮಾಡುತ್ತೇನೆ, ನೀವು ಹೇಳಿದ ಹಾಗೆ ಬದಲಿಸುತ್ತೇನೆ ಅನ್ನುವವು ಬಹುಪಾಲು ಈ ಜಾತಿಯವು. ಇವು ನಿಮ್ಮ ಫೋಟೊ ನೋಡಿ ತಾವೇ ಒಂದು ಹೊಸ ಚಿತ್ರ ಬಿಡಿಸುತ್ತವೆ. ಸೆರಗಿನ ಹಲ್ಲು ಫೋಟೊದಲ್ಲಿ ಮಸುಕಾಗಿದ್ದರೆ ಅಲ್ಲಿ ಏನಿರಬಹುದು ಅಂತ ಊಹೆ ಮಾಡುತ್ತವೆ. ಅವು ಕಲಿತ ಲಕ್ಷಾಂತರ ಚಿತ್ರಗಳಲ್ಲಿ ಇಳಕಲ್ ಸೆರಗು ಎಷ್ಟಿರಬೇಕು ಹೇಳಿ? ಹೂವು, ಮೊಗ್ಗು, ಬಳ್ಳಿ ಬೇಕಾದಷ್ಟು ಇರುತ್ತದೆ. ಅದಕ್ಕೇ ನಿಮ್ಮ ಹಣಿಗೆ ಮೊಗ್ಗಾಯಿತು. ಇದಕ್ಕೆ ದುಡ್ಡು ಕೊಟ್ಟರೂ ಪರಿಹಾರ ಇಲ್ಲ, ಯಾಕೆಂದರೆ ಅದು ಕೆಟ್ಟಿಲ್ಲ, ಅದರ ಕೆಲಸವೇ ಅದು.

ಮಾರುವ ವಸ್ತುವಿನ ಫೋಟೊಗೆ ಕತ್ತರಿಸುವ ಟೂಲ್ ಮಾತ್ರ ಬಳಸಿ. ಬಿಡಿಸುವುದನ್ನು ಮುಟ್ಟಲೇಬೇಡಿ.

ಇನ್ನು ಫೋಟೊ ತೆಗೆಯುವಾಗಲೇ ಅರ್ಧ ಕೆಲಸ ಮುಗಿಸಬಹುದು. ಟ್ಯೂಬ್‌ಲೈಟ್ ಆರಿಸಿ. ಬೆಳಿಗ್ಗೆ ಬಾಗಿಲ ಹತ್ತಿರ, ಬಿಸಿಲು ನೇರ ಬೀಳದ ನೆರಳಲ್ಲಿ ಹರಡಿ. ದಾಳಿಂಬೆ ಕೆಂಪು, ಗಿರಿ ಕುಂಕುಮದಂಥ ಬಣ್ಣಗಳನ್ನು ಫೋನ್ ಕ್ಯಾಮೆರಾ ಉರಿಯುವ ಹಾಗೆ ತೋರಿಸುತ್ತದೆ, ಕೆಂಪು ತುಂಬಿ ತುಳುಕಿ ನೂಲಿನ ಎಳೆ ಕಾಣುವುದೇ ಇಲ್ಲ. ಹಾಗಾದಾಗ ಪರದೆ ಮೇಲೆ ಬೆರಳಿಟ್ಟು ಬೆಳಕನ್ನು ಒಂಚೂರು ಕೆಳಗೆ ಎಳೆಯಿರಿ. ಫೋಟೊ ಸ್ವಲ್ಪ ಕತ್ತಲೆ ಅನಿಸಿದರೂ ಪರವಾಗಿಲ್ಲ, ಆಮೇಲೆ ಬೆಳಕು ಕೊಡಬಹುದು, ಹೋದ ಎಳೆ ಮಾತ್ರ ವಾಪಸ್ ಬರಲ್ಲ. ಸೀರೆಯ ಮೂಲೆಯಲ್ಲಿ ಒಂದು ಬಿಳಿ ಹಾಳೆ ಇಟ್ಟು ಒಂದು ಫೋಟೊ ತೆಗೆದುಕೊಳ್ಳಿ. ಬಣ್ಣ ಹಳದಿಗೆ ತಿರುಗಿದೆಯೋ ನೀಲಿಗೆ ತಿರುಗಿದೆಯೋ ಅಂತ ಆ ಹಾಳೆ ಹೇಳುತ್ತದೆ.

ಮತ್ತೆ ಒಂದು ಮುಖ್ಯ ಮಾತು. ಬಿಳಿ ಪಟ್ಟಿಯ ಸೆರಗನ್ನು ಬಿಳಿ ಗೋಡೆಗೆ, ಬಿಳಿ ಬೆಡ್‌ಶೀಟ್‌ಗೆ ಹಾಕಬೇಡಿ. ಸೀರೆ ಎಲ್ಲಿ ಮುಗಿಯಿತು ಅಂತ ಟೂಲ್‌ಗೆ ಗೊತ್ತಾಗಲ್ಲ. ಸೀರೆಯಲ್ಲಿ ಇಲ್ಲದ ಬಣ್ಣದ ಒಂದು ಚಾದರ ಕೆಳಗೆ ಹಾಸಿ.

---

ಮಲೆನಾಡ_ಕೋಡರ್:

ಸ್ಟುಡಿಯೊ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಟೂಲ್ ವಿಷಯ ನಾನು ಹೇಳುತ್ತೇನೆ.

ಸುಮ್ನೆ ಒಂದೆರಡು ಫೋಟೊ ಆದರೆ ರಿಮೂವ್ ಡಾಟ್ ಬಿಜಿ ಸಾಕು. ಆದರೆ ಅಲ್ಲಿ ಪುಕ್ಕಟೆ ಸಿಗುವುದು 0.25 ಮೆಗಾಪಿಕ್ಸೆಲ್ ಫೋಟೊ. ನಿಮ್ಮ ಫೋನ್ 12 ಮೆಗಾಪಿಕ್ಸೆಲ್ ಅಂತ ಇಟ್ಟುಕೊಂಡರೆ 48ರಲ್ಲಿ ಒಂದು ಪಾಲು ಮಾತ್ರ ವಾಪಸ್ ಬರುತ್ತದೆ. ಇಂಥ ಚಿಕ್ಕ ಫೋಟೊದಲ್ಲಿ ಹಣಿಗೆಯ ಹಲ್ಲು ಕಾಣಲ್ಲ, ಆಮೇಲೆ ಅದನ್ನು ದೊಡ್ಡದು ಮಾಡಲು ಹೋಗಿ ಮತ್ತೆ ಆ ಬಿಡಿಸುವ ಬಟನ್ ಒತ್ತುತ್ತೀರಿ. ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

40 ಸೀರೆಗೆ ನಾನಾದರೆ ರೆಮ್‌ಬಿಜಿ ಅನ್ನುವ ಕತ್ತರಿಸುವ ಟೂಲ್ ಬಳಸುತ್ತೇನೆ. ಪುಕ್ಕಟೆ, ಓಪನ್ ಸೋರ್ಸ್, ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ನಡೆಯುತ್ತದೆ. ಮೊದಲ ಸಲ ಮಾತ್ರ ನೆಟ್ ಬೇಕು, ಅಂಚು ಗುರುತಿಸುವ ಎಐ ಮಾಡೆಲ್ ಡೌನ್‌ಲೋಡ್ ಆಗಲು. ಆಮೇಲೆ ಫೋಟೊ ಎಲ್ಲಿಗೂ ಹೋಗಲ್ಲ. ಒಂದು ಫೋಲ್ಡರ್ ಕೊಟ್ಟರೆ ಅದರಲ್ಲಿರುವ ಫೋಟೊಗಳನ್ನೆಲ್ಲ ಒಂದಾದ ಮೇಲೊಂದು ಕತ್ತರಿಸಿ ಇನ್ನೊಂದು ಫೋಲ್ಡರ್‌ಗೆ ಹಾಕುತ್ತದೆ. ಹಳೆಯ ಲ್ಯಾಪ್‌ಟಾಪ್ ಆದರೆ ನಿಧಾನ, ಅಷ್ಟೇ. ಅದು ನಡೆಯಲು ಪೈಥಾನ್ ಅನ್ನುವ ಸಾಫ್ಟ್‌ವೇರ್ ಹಾಕಬೇಕಾಗುತ್ತದೆ, ತಮ್ಮನಿಗೆ ಹೇಳಿ, ಒಂದು ಸಂಜೆಯ ಕೆಲಸ.

ಒಂದು ಒಳಗುಟ್ಟು ಹೇಳುತ್ತೇನೆ. ಅದು ತಾನಾಗಿ ಬಳಸುವುದು ಯು2ನೆಟ್ ಅನ್ನುವ 2020ರ ಮಾಡೆಲ್. ಅದು ನಿಮ್ಮ ಫೋಟೊವನ್ನು 320 x 320 ಚುಕ್ಕಿಗೆ ಕುಗ್ಗಿಸಿ ನೋಡಿ ಅಂಚು ಗುರುತಿಸುತ್ತದೆ, ಆಮೇಲೆ ಆ ಗುರುತನ್ನು ದೊಡ್ಡ ಫೋಟೊಗೆ ಹಿಗ್ಗಿಸುತ್ತದೆ. ಸೀರೆಯ ಮೈಗೆ ಇದರಿಂದ ತೊಂದರೆ ಇಲ್ಲ. ಆದರೆ ಕುಚ್ಚಿನ ಎಳೆಗಳು 320ರಲ್ಲಿ ಎಲ್ಲಿ ಕಾಣಬೇಕು ಹೇಳಿ, ಅಲ್ಲಿ ಮಂಜು ಮಂಜಾಗುತ್ತದೆ. ಅದೇ ರೆಮ್‌ಬಿಜಿಯಲ್ಲಿ ಬಿರೆಫ್‌ನೆಟ್, ಐಎಸ್‌ನೆಟ್ ಅಂತ ಬೇರೆ ಮಾಡೆಲ್ ಆರಿಸಿಕೊಳ್ಳಬಹುದು, ಅವು 1024 ಚುಕ್ಕಿಯಲ್ಲಿ ನೋಡುತ್ತವೆ. ಕುಚ್ಚು ಎಷ್ಟೋ ಪಾಲು ಚೆನ್ನಾಗಿ ಬರುತ್ತದೆ.

ಐಫೋನ್ ಇರುವವರು ಯಾರಾದರೂ ಓದುತ್ತಿದ್ದರೆ, 2022ರಲ್ಲಿ ಬಂದ ಐಓಎಸ್ 16ರಿಂದ ಫೋಟೊದಲ್ಲಿರುವ ವಸ್ತುವಿನ ಮೇಲೆ ಬೆರಳು ಒತ್ತಿ ಹಿಡಿದರೆ ಅದು ಕತ್ತರಿಸಿಕೊಂಡು ಮೇಲೆ ಬರುತ್ತದೆ. ಸೈಟೇ ಬೇಡ. ಆದರೆ ಐಫೋನ್ ಫೋಟೊಗಳು ಹೆಚ್‌ಇಐಸಿ ಅನ್ನುವ ರೂಪದಲ್ಲಿರುತ್ತವೆ, ಕೆಲವು ಸೈಟ್‌ಗಳ ಚೌಕಕ್ಕೆ ಎಳೆದು ಹಾಕಿದರೆ ತಗೊಳ್ಳುವುದೇ ಇಲ್ಲ.

ಕತ್ತರಿಸಿದ ಫೋಟೊವನ್ನು ಪಿಎನ್‌ಜಿ ಅನ್ನುವ ರೂಪದಲ್ಲೇ ಉಳಿಸಿ. ಜೆಪೆಗ್‌ನಲ್ಲಿ ಪಾರದರ್ಶಕ ಜಾಗ ಅನ್ನುವುದೇ ಇಲ್ಲ, ಹಿಂದೆ ಬಿಳಿಯೋ ಕಪ್ಪೋ ತುಂಬಿಬಿಡುತ್ತದೆ.

---

ಖಣದಂಗಡಿ_ಗುಳೇದಗುಡ್ಡ:

ಅಕ್ಕಾ, ನಾನು ಖಣದ ಬಟ್ಟೆ ಮಾರುತ್ತೇನೆ, ನಾಲ್ಕು ವರ್ಷ ಆಯಿತು. ನನಗೆ ಬೇರೆಯೇ ಒಂದು ಮಾತು ಹೇಳಬೇಕು ಅನಿಸುತ್ತಿದೆ. ಬ್ಯಾಕ್‌ಗ್ರೌಂಡ್ ಯಾಕೆ ತೆಗೆಯಬೇಕು?

ನಾನೂ ಮೊದಲು ಎಲ್ಲವನ್ನೂ ಬಿಳಿ ಮಾಡುತ್ತಿದ್ದೆ. ನೋಡಲು ಶುಭ್ರ. ಆದರೆ ಎಲ್ಲಿಂದಲೋ ಇಳಿಸಿಕೊಂಡ ಫೋಟೊ ಥರ ಕಾಣುತ್ತಿತ್ತು. ಇದು ನಿಮ್ಮದೇ ಫೋಟೊನಾ ಅಂತ ಗಿರಾಕಿಗಳು ಕೇಳುತ್ತಿದ್ದರು. ಆಮೇಲೆ ಮಗ್ಗದ ಮೇಲೆ ಇರುವಾಗಲೇ ತೆಗೆದ ಫೋಟೊ, ಮನೆ ಕಟ್ಟೆಯ ಮೇಲೆ ಹರಡಿದ ಫೋಟೊ ಹಾಕಲು ಶುರು ಮಾಡಿದೆ. ಕೇಳುವವರು ಜಾಸ್ತಿ ಆದರು. ಬಟ್ಟೆ ಯಾರ ಕೈಯಿಂದ ಬಂತು ಅಂತ ಕಾಣುತ್ತದೆ ಅಲ್ವಾ? ನಿಮ್ಮ ಅಪ್ಪ ಮಗ್ಗದ ಮುಂದೆ ಕೂತಿರುವುದನ್ನು ಯಾವ ಬಿಳಿ ಬ್ಯಾಕ್‌ಗ್ರೌಂಡ್ ಕೊಡುತ್ತದೆ ಹೇಳಿ.

ಸಿಲಿಂಡರ್, ಬಕೆಟ್ ಪಕ್ಕಕ್ಕೆ ಸರಿಸಿ. ಒಂದು ಗೋಡೆಗೆ ಸುಣ್ಣ ಹೊಡೆಸಿ, ಇಲ್ಲವೇ ಕೌದಿ ಹಾಸಿ. ಅದಕ್ಕೆ ಎಐ ಬೇಡ.

---

ಹುಬ್ಬಳ್ಳಿ_ಸ್ಟುಡಿಯೊ:

ಖಣದಂಗಡಿ ಅಕ್ಕನ ಮಾತು ನನಗೂ ಹಿಡಿಸಿತು. ಇನ್‌ಸ್ಟಾಗ್ರಾಮ್‌ಗೆ ಖಂಡಿತ ಹಾಗೇ ಮಾಡಿ. ಆದರೆ ಮುಂದೆ ಅಮೆಜಾನ್‌ನಂಥ ಕಡೆ ಹಾಕುವ ಯೋಚನೆ ಇದ್ದರೆ ಅಲ್ಲಿ ಮೊದಲ ಫೋಟೊ ಅಪ್ಪಟ ಬಿಳಿಯ ಮೇಲೇ ಇರಬೇಕು, ಅಂದರೆ ಕಂಪ್ಯೂಟರ್‌ನ ಬಣ್ಣದ ಅಳತೆಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ಪೂರ್ತಿ 255. ವಸ್ತು ಚೌಕಟ್ಟಿನ 85 ಪರ್ಸೆಂಟ್ ಜಾಗ ತುಂಬಿರಬೇಕು. ಅಲ್ಲಿ ಕತ್ತರಿಸದೆ ವಿಧಿಯಿಲ್ಲ. ಆದ್ದರಿಂದ ಎರಡೂ ಮಾಡಿಟ್ಟುಕೊಳ್ಳಿ. ಮತ್ತೆ ಕೌದಿ ಸೀರೆಯ ಕೆಳಗೆ ಬೇಡ, ಅದರ ಬಣ್ಣಗಳೇ ಕಣ್ಣು ಸೆಳೆಯುತ್ತವೆ. ಒಂದೇ ಬಣ್ಣದ ಚಾದರ ಒಳ್ಳೆಯದು.

---

ಪೋಸ್ಟರ್_ದಾವಣಗೆರೆ:

ನಾನು ಡಿಟಿಪಿ ಮಾಡುವವನು. ಈಗ ಎಲ್ಲರೂ ಕೇಳುವುದು ಮಾಡೆಲ್ ಉಟ್ಟ ಫೋಟೊ. ಸೀರೆಯ ಫೋಟೊ ಎಳೆದು ಹಾಕಿದರೆ ಒಬ್ಬ ಹೆಣ್ಣುಮಗಳು ಅದನ್ನು ಉಟ್ಟು ನಿಂತಂತೆ ಎಐ ಮಾಡಿಕೊಡುತ್ತದೆ. ಮಾಡೆಲ್ ಕರೆಸುವ, ಫೋಟೊಗ್ರಾಫರ್ ಕರೆಸುವ ಖರ್ಚೇ ಇಲ್ಲ. ಮಂಚದ ಮೇಲೆ ಹರಡಿದ ಸೀರೆಗಿಂತ ಉಟ್ಟ ಸೀರೆ ಬೇಗ ಹೋಗುತ್ತದೆ, ಇದು ನಾನು ದಿನಾ ನೋಡುವ ಸಂಗತಿ. ಕೆಳಗೆ ಚಿತ್ರ ಎಐನದು ಅಂತ ಬರೆದರೆ ಆಯಿತಲ್ವಾ? ನಮ್ಮಂಥ ಸಣ್ಣವರಿಗೆ ಸಿಕ್ಕ ಅನುಕೂಲ ಬಿಡುವುದು ಯಾಕೆ?

---

ಖಣದಂಗಡಿ_ಗುಳೇದಗುಡ್ಡ:

ಅಣ್ಣಾ, ಒಂದೇ ಬಣ್ಣದ ಮಿಲ್ ಸೀರೆಗೆ ನಿಮ್ಮ ಮಾತು ನಡೆಯಬಹುದು. ಕೈಮಗ್ಗದ್ದಕ್ಕೆ ನಾನು ಒಪ್ಪುವುದಿಲ್ಲ. ಉಟ್ಟಾಗ ಸೆರಗು ಮಡಿಕೆಯಾಗಿ ಬೀಳುತ್ತದೆ, ಆ ಮಡಿಕೆಯೊಳಗಿನ ಪಟ್ಟಿಗಳನ್ನೆಲ್ಲ ಎಐ ಹೊಸದಾಗಿ ಬಿಡಿಸಲೇಬೇಕು. ನಾನು ಒಮ್ಮೆ ನೋಡಲು ಅಂತ ಮಾಡಿಸಿದ್ದೆ. ಕೊಟ್ಟಿದ್ದು ಖಣ, ಬಂದಿದ್ದು ಬ್ರೊಕೇಡ್ ಥರದ್ದು. ಗಿರಾಕಿ ಚಿತ್ರ ನೋಡಿಯೇ ದುಡ್ಡು ಕೊಡುತ್ತಾರೆ, ಕೆಳಗಿನ ಸಣ್ಣ ಅಕ್ಷರ ಓದಿ ಅಲ್ಲ. ನಮ್ಮ ಅತ್ತೆಯೋ ಅಕ್ಕನೋ ಉಟ್ಟು ನಿಂತರೆ ಸಾಕು, ಮುಖ ಬೇಡ ಅಂದರೆ ಭುಜದಿಂದ ಕೆಳಗೆ ತೆಗೆಯಿರಿ. ಅದಕ್ಕೂ ಖರ್ಚಿಲ್ಲ.

---

ಪೋಸ್ಟರ್_ದಾವಣಗೆರೆ:

ಮಡಿಕೆಯ ವಿಷಯ ನಾನು ಯೋಚನೆ ಮಾಡಿರಲಿಲ್ಲ. ನೇಯ್ಗೆ ನೋಡಿ ತಗೊಳ್ಳುವ ಸೀರೆಗೆ ಬೇಡ, ಒಪ್ಪಿದೆ. ಹಬ್ಬದ ಶುಭಾಶಯದ ಪೋಸ್ಟರ್, ಅಂಗಡಿಯ ಬ್ಯಾನರ್ ಇವಕ್ಕೆ ನಾನು ಬಳಸುತ್ತೇನೆ, ಅಲ್ಲಿ ಯಾರೂ ಚಿತ್ರ ನೋಡಿ ವಸ್ತು ಕೊಳ್ಳುವುದಿಲ್ಲ.

---

ನೇಕಾರ_ಮನೆ:

ಇಷ್ಟೊಂದು ಜನ ಇಷ್ಟು ಸಮಯ ಕೊಟ್ಟು ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಸ್ಟುಡಿಯೊ ಅಣ್ಣ, ಕತ್ತರಿಸುವುದು, ಬಿಡಿಸುವುದು ಅಂತ ನೀವು ಹೇಳಿದ್ದನ್ನು ಅಪ್ಪನಿಗೆ ಓದಿ ಹೇಳಿದೆ, ಅವರಿಗೂ ತಟ್ಟನೆ ಅರ್ಥವಾಯಿತು.

ಎರಡು ಅನುಮಾನ ಉಳಿದಿವೆ. ಒಂದು, ಫೋನ್‌ನಿಂದ ಲ್ಯಾಪ್‌ಟಾಪ್‌ಗೆ ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿಕೊಂಡರೆ ಮಸುಕಾಗುತ್ತಿವೆ. ಇನ್ನೊಂದು, ಅಕ್ಕ ಹೇಳಿದ ಹಾಗೆ ಅತ್ತಿಗೆ ಸೀರೆ ಉಟ್ಟ ಫೋಟೊ ತೆಗೆದರೆ ಅದನ್ನು ಈ ಸೈಟ್‌ಗಳಿಗೆ ಹಾಕಬಹುದಾ? ಅವರಿಗೆ ಇಷ್ಟ ಇಲ್ಲ, ನನಗೂ ಮನಸ್ಸು ಬರುತ್ತಿಲ್ಲ.

---

ಮಲೆನಾಡ_ಕೋಡರ್:

ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಇದ್ದ ಹಾಗೇ ಬರುತ್ತದೆ. ಇಲ್ಲದಿದ್ದರೆ ಚಾರ್ಜರ್ ಕೇಬಲ್ ಹಾಕಿ ನೇರ ಕಾಪಿ ಮಾಡಿ, ಅದು ಎಲ್ಲಕ್ಕಿಂತ ಒಳ್ಳೆಯದು. ಆದರೆ ಡಾಕ್ಯುಮೆಂಟ್ ಆಗಿ ಹೋದ ಫೋಟೊದಲ್ಲಿ ಅದು ಎಲ್ಲಿ ತೆಗೆದದ್ದು ಅನ್ನುವ ಜಾಗದ ಗುರುತೂ ಹಾಗೇ ಇರುತ್ತದೆ. ಗಿರಾಕಿಗಳಿಗೆ ಕಳಿಸುವಾಗ, ಸೈಟ್‌ಗೆ ಹಾಕುವಾಗ ಮನೆ ಎಲ್ಲಿದೆ ಅಂತ ಹೋಗುವುದು ಬೇಡ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಟ್ಟುಬಿಡಿ.

ಅತ್ತಿಗೆಯವರ ಫೋಟೊ ಯಾವ ಸೈಟ್‌ಗೂ ಬೇಡ. ಎಳೆದು ಬಿಡುವುದು ಎಷ್ಟು ಸುಲಭ ಅಂದರೆ, ನಾವು ಒಂದು ಫೋಟೊವನ್ನು ಬೇರೆಯವರ ಕಂಪ್ಯೂಟರ್‌ಗೆ ಕಳಿಸಿಕೊಟ್ಟೆವು ಅನ್ನುವುದೇ ಮರೆತುಹೋಗುತ್ತದೆ. ಮುಖ ಇರುವ ಫೋಟೊ ರೆಮ್‌ಬಿಜಿಯಲ್ಲೇ ಮಾಡಿ. ಕೈಯಿಂದ ತಿದ್ದಬೇಕು ಅನಿಸಿದರೆ ಫೋಟೊಪೀ ಅಂತ ಇದೆ, ಬ್ರೌಸರ್‌ನಲ್ಲೇ ತೆರೆಯುತ್ತದೆ, ಫೋಟೊ ಎಳೆದು ಹಾಕಿದರೂ ಅದು ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ, ಕೆಲಸ ಎಲ್ಲ ಅಲ್ಲೇ ನಡೆಯುತ್ತದೆ. ಸ್ಟುಡಿಯೊ ಅಣ್ಣ ಹೇಳಿದ ಬಿಳಿ ಹಾಳೆಯ ಉಪಾಯಕ್ಕೂ ಅದರಲ್ಲಿ ಲೆವೆಲ್ಸ್ ಅಂತ ಇದೆ, ಅದರಲ್ಲಿ ಬಣ್ಣ ಆರಿಸುವ ಡ್ರಾಪರ್ ತಗೊಂಡು ಹಾಳೆಯ ಮೇಲೆ ಒತ್ತಿದರೆ ಬಣ್ಣ ಸರಿಹೋಗುತ್ತದೆ.

ಎಳೆದು ಹಾಕುವಾಗ ಒಂದು ಎಚ್ಚರ. ಕೆಲವು ಸೈಟ್‌ಗಳಲ್ಲಿ ಚೌಕದ ಹೊರಗೆ ಕೈಬಿಟ್ಟರೆ ಬ್ರೌಸರ್ ಆ ಫೋಟೊವನ್ನೇ ತೆರೆದುಬಿಡುತ್ತದೆ, ಮಾಡುತ್ತಿದ್ದ ಕೆಲಸ ಹೋಗುತ್ತದೆ. ಚೌಕದ ಬಣ್ಣ ಬದಲಾದ ಮೇಲೆಯೇ ಬೆರಳು ಬಿಡಿ.

---

ನೇಕಾರ_ಮನೆ:

ಒಂಬತ್ತು ದಿನ ಆದಮೇಲೆ ಬರೆಯುತ್ತಿದ್ದೇನೆ. ತಮ್ಮ ರೆಮ್‌ಬಿಜಿ ಹಾಕಿಕೊಟ್ಟ. ಕೆಳಗೆ ನೀಲಿ ಚಾದರ ಹಾಸಿ, ಬೆಳಿಗ್ಗೆ ಏಳೂವರೆಯಿಂದ ಒಂಬತ್ತರೊಳಗೆ ಬಾಗಿಲ ಹತ್ತಿರ ಫೋಟೊ ತೆಗೆದೆ. 40ರಲ್ಲಿ 26 ಸೀರೆ ಮುಗಿದಿವೆ. ಪ್ರತಿ ಸೀರೆಗೂ ಸೆರಗಿನ ಒಂದು ಹತ್ತಿರದ ಫೋಟೊ ಬೇರೆ ತೆಗೆದಿದ್ದೇನೆ, ಅದನ್ನು ಕತ್ತರಿಸಿಯೂ ಇಲ್ಲ, ಏನೂ ಮಾಡಿಲ್ಲ.

ಈಗ ಫೋಟೊ ಹಾಕುವ ಮುಂಚೆ ಅಪ್ಪನಿಗೆ ತೋರಿಸುತ್ತೇನೆ. ಒಂದು ಕೈಯಲ್ಲಿ ಸೀರೆ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಪಟ್ಟಿ ಎಣಿಸಿ, ಹಲ್ಲು ಎಣಿಸಿ "ಹೂಂ" ಅಂದಮೇಲೆಯೇ ಹಾಕುವುದು. ಎರಡು ಫೋಟೊ ಬೇಡ ಅಂದರು, ದಡಿಯ ಹಸಿರು ಇಷ್ಟು ಕಪ್ಪಿಲ್ಲ ಅಂತ. ನೋಡಿದರೆ ಆ ಎರಡನ್ನೂ ಮೋಡ ಕವಿದ ದಿನ ತೆಗೆದಿದ್ದೆ. ಮತ್ತೆ ತೆಗೆದೆ.

ಒಂದು ತೊಂದರೆ ಮಾತ್ರ ಉಳಿದಿದೆ. ಬಿರೆಫ್‌ನೆಟ್ ಹಾಕಿದ ಮೇಲೆ ಕುಚ್ಚು ಚೆನ್ನಾಗಿ ಬರುತ್ತಿದೆ, ಆದರೆ ಎಳೆಗಳ ಅಂಚಿಗೆ ಚಾದರದ ನೀಲಿ ಸ್ವಲ್ಪ ಅಂಟಿಕೊಂಡ ಹಾಗೆ ಕಾಣುತ್ತದೆ. ಬಿಳಿಯ ಮೇಲೆ ಇಟ್ಟಾಗ ಎದ್ದು ಕಾಣುತ್ತದೆ. ಇದಕ್ಕೆ ಏನು ಮಾಡಲಿ?

---

ಹುಬ್ಬಳ್ಳಿ_ಸ್ಟುಡಿಯೊ:

ಅಪ್ಪ ಎಣಿಸಿ ಹೂಂ ಅನ್ನುವುದು ಓದಿ ಬಹಳ ಸಂತೋಷ ಆಯಿತು ತಂಗಿ. ಅವರಿಗೆ ನನ್ನ ನಮಸ್ಕಾರ ಹೇಳಿ.

ನೀಲಿ ಅಂಟುವುದು ಸಹಜ, ಎಳೆಗಳ ಸಂದಿಯಲ್ಲಿ ಚಾದರದ ಬಣ್ಣ ಬೆರೆತಿರುತ್ತದೆ. ಫೋಟೊಪೀಯಲ್ಲಿ ಆ ಪಿಎನ್‌ಜಿ ತೆರೆದು ಸೀರೆಯ ಆಕಾರ ಆಯ್ಕೆ ಮಾಡಿ, ಆಯ್ಕೆಯನ್ನು 1 ಪಿಕ್ಸೆಲ್ ಒಳಕ್ಕೆ ಕುಗ್ಗಿಸಿ, ಹೊರಗೆ ಉಳಿದದ್ದನ್ನು ಅಳಿಸಿ. 2 ಪಿಕ್ಸೆಲ್‌ಗಿಂತ ಜಾಸ್ತಿ ಹೋಗಬೇಡಿ, ಕುಚ್ಚೇ ಬೋಳಾಗುತ್ತದೆ. ಅಷ್ಟಕ್ಕೂ ಉಳಿದರೆ ಕುಚ್ಚಿನ ಭಾಗದಲ್ಲಿ ಮಾತ್ರ ನೀಲಿ ಬಣ್ಣದ ಗಾಢತೆ ಇಳಿಸಿ, ಒಡಲಿಗೆ ತಾಗದ ಹಾಗೆ ನೋಡಿಕೊಳ್ಳಿ. ಉಳಿದ 14 ಸೀರೆಗೆ ನೀಲಿ ಬದಲು ಬೂದು ಬಣ್ಣದ ಚಾದರ ಹಾಸಿ, ಅಂಟಿದರೂ ನೆರಳಿನ ಹಾಗೆ ಕಾಣುತ್ತದೆ.